ನಾಲೆ ತಿರುವಿನ ಮೆತ್ತನೆ ಮಣ್ಣು

ಮಣ್ಣು ಪರೀಕ್ಷೆಗೆ ಯಾರಾದರೂ ಬಂದರೆ ನಮ್ಮೂರಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಊರಿಗೆ ಊರೇ ಪರೀಕ್ಷೆಗೆ ಕೂತಂತೆ ಆಡುತ್ತದೆ.

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಊರು ನಮ್ಮದು. ಇಲ್ಲಿನ ಶಾಲೆಯಲ್ಲಿ ನಾನು ಟೀಚರು. ಮಳೆಗಾಲದ ಒಂದು ಸೋಮವಾರ, ಇಡ್ಲಿ ಬೇಯುತ್ತಿದ್ದಾಗ ನಮ್ಮ ಯಜಮಾನರು ಎದೆ ಹಿಡಿದುಕೊಂಡರು. ಅವರನ್ನು ಹೊತ್ತ ಆಂಬುಲೆನ್ಸು ನಾಲೆ ತಿರುವಿನ ಜೌಗಿನಲ್ಲಿ ಹೂತುಕೊಂಡಿತು. ಎಳೆಯುವಷ್ಟರಲ್ಲಿ ತಡವಾಗಿತ್ತು. ಆಮೇಲೆ ಹೊಸ ರಸ್ತೆ ಮಂಜೂರಾಯಿತು. ಮಣ್ಣು ಪರೀಕ್ಷೆಗೆ ಬಂದ ಇಂಜಿನಿಯರು ಆ ತಿರುವಿನ ಮಣ್ಣು ನೋಡದೆ ಹೋದರೆ ಎಂಬುದೊಂದೇ ನನ್ನ ಭಯ.

ಗುಂಡಿಗೆ ಅರಿಶಿನ

ಶಾಲೆ ಮುಂದೆ ಮೊದಲ ಗುಂಡಿ ತೋಡಿಸಿ, ಇಂಜಿನಿಯರು ಟೀ ಕುಡಿದು ಬರುವಷ್ಟರಲ್ಲಿ ಅದಕ್ಕೆ ಅರಿಶಿನ, ಕುಂಕುಮ, ಚೆಂಡುಹೂವು ಬಿದ್ದಿತ್ತು. ಎದುರುಮನೆ ಅಜ್ಜಿ ತೆಂಗಿನಕಾಯಿ ಹಿಡಿದು ನಿಂತಿದ್ದರು.

"ಅಜ್ಜಿ, ಇದು ಗುದ್ದಲಿ ಪೂಜೆ ಅಲ್ಲ. ಬರೀ ಪರೀಕ್ಷೆ" ಎಂದರು ಇಂಜಿನಿಯರು.

"ಪರೀಕ್ಷೆ ಅಂದ್ಮೇಲೆ ಪೂಜೆ ಬ್ಯಾಡ್ವಾ? ನನ್ ಮೊಮ್ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಇಂಗೇಯ!"

ಇಂಜಿನಿಯರು ಅರಿಶಿನ ಹತ್ತದ ಮಣ್ಣು ಹುಡುಕಿ ಚೀಲಕ್ಕೆ ತುಂಬಿಕೊಂಡರು.

ನೆನೆಸಿಟ್ಟ ಮಣ್ಣು

ಮಣ್ಣನ್ನು ಅಚ್ಚಿನಲ್ಲಿ ಬಡಿದು, ನಾಲ್ಕು ದಿನ ನೀರಲ್ಲಿ ನೆನೆಸಿ, ಮೇಲೆ ಕಬ್ಬಿಣದ ಸಲಾಕೆ ಒತ್ತಿ, ಎಷ್ಟು ತಡೆಯುತ್ತದೆಂದು ನೋಡುತ್ತಾರಂತೆ. ಇದನ್ನೂ, ನಾಳೆ ನಾಲೆ ತಿರುವಿನ ಸರದಿ ಎಂಬುದನ್ನೂ ಕೇಳಿ ಊರ ಹಾಲಿನ ಡೈರಿ ಕಾರ್ಯದರ್ಶಿಯ ಮುಖ ಸಪ್ಪಗಾಯಿತು.

"ನಾಕ್ ದಿನ ನೆನೆಸಿದ್ರೆ ಹುರುಳಿಕಾಳೇ ಮೊಳಕೆ ಬಂದ್ಬುಡ್ತದೆ ಸಾರ್. ನಮ್ ಮಣ್ಣು ಫೇಲಾದ್ರೆ ರಸ್ತೆ ಪಕ್ಕದೂರಿಗೆ ಹೋಯ್ತದೆ!"

ಇಂಜಿನಿಯರು "ಹಾಗಲ್ಲಾರೀ" ಎನ್ನುವ ಮೊದಲೇ ಕಾರ್ಯದರ್ಶಿಯ ಟ್ರಾಕ್ಟರು ಹೊರಟಿತ್ತು.

ಊರ ಮಾನ

ಸಂಜೆಯೊಳಗೆ ಕಾರ್ಯದರ್ಶಿಯ ಕಡೆಯವರು ನಾಲೆ ತಿರುವಿನ ಜೌಗು ಬಗೆದು, ಗಟ್ಟಿ ಗರಸು ಮಣ್ಣು ತುಂಬಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದ್ದರು. ಮರುದಿನ ಇಂಜಿನಿಯರು ಅಲ್ಲಿ ಹಾರೆ ಹಾಕಿಸಿದರೆ ಠಣ್ ಎಂದಿತು.

"ಭೇಷ್! ಒಳ್ಳೆ ಗಟ್ಟಿ ನೆಲ" ಎಂದು ಚೀಲ ಬಿಚ್ಚಿದರು.

ರಸ್ತೆ ಕೈತಪ್ಪಿದರೂ ಸರಿ, ಸುಳ್ಳು ಮಣ್ಣಿನ ಮೇಲೆ ಬೇಡ ಅನ್ನಿಸಿತು. "ಸಾರ್, ಅದು ನಿನ್ನೆ ತುಂಬಿದ್ದು. ಅಡಿಯಲ್ಲಿರೋದು ಜೌಗು."

"ಏನ್ ಟೀಚರಮ್ಮ, ಊರ ಮಾನ ಕಳೆದ್ಬುಟ್ರಲ್ಲ!" ಎಂದರು ಕಾರ್ಯದರ್ಶಿ.

ಇಂಜಿನಿಯರು ನಕ್ಕರು. "ಸ್ವಾಮಿ, ಮಣ್ಣು ಮೆತ್ತಗಿದ್ದಷ್ಟೂ ರಸ್ತೆ ದಪ್ಪ ಹಾಕ್ತೀವಿ. ಗಟ್ಟಿ ಇದ್ರೆ ತೆಳ್ಳಗೆ."

ಕಾರ್ಯದರ್ಶಿ ತಟ್ಟನೆ ತಮ್ಮ ಆಳುಗಳತ್ತ ತಿರುಗಿ ಕೂಗಿದರು: "ಲೇ, ಗರಸು ಬಗೀರ್ಲಾ! ಸಾರ್, ನಮ್ದು ಮಣ್ಣೇ ಅಲ್ಲ, ಬೆಣ್ಣೆ!"

"ನನ್ ಎಮ್ಮೆ ಕತ್ತಿನ್ ಗಂಟ ಹೂತಿತ್ತು ಸಾರ್!" ಎಂದ ಗುಂಪಿನಲ್ಲೊಬ್ಬ.

"ಎಮ್ಮೆ ಏನ್ಲಾ, ನಮ್ ಬೀಗ್ರೇ ಹೂತಿದ್ರು!"

ಹಿಂದಿನಿಂದ ಅಜ್ಜಿ ಕೈಮುಗಿದು ಬಂದರು: "ಅಪ್ಪಾ, ನಮ್ ಮನೆ ಮುಂದ್ಲುದ್ನೂ ಒಸಿ ಫೇಲ್ ಮಾಡ್ಬುಡಪ್ಪ!"

ಈಗ ನಾಲೆ ತಿರುವಿನಲ್ಲಿ ರಸ್ತೆ ಬೇರೆಡೆಗಿಂತ ಒಂದು ಗೇಣು ದಪ್ಪ.