ಮಗಳ ನೆತ್ತಿಗೆ ಬಿದ್ದ ಏಟುಗಳು

ಮಕ್ಕಳನ್ನು ಆಟಕ್ಕೆ ಸೇರಿಸಬೇಕೆಂದಿರುವ ತಾಯಂದಿರಿಗೆ ನನ್ನದೊಂದು ಸಲಹೆ: ಕೇರಂ ಆಡಿಸಿ. ನನ್ನ ಮಗಳು ಚಿತ್ರಾ ಹಿಡಿದದ್ದು ಡೈವಿಂಗ್. ಮೂರು ಮಹಡಿ ಎತ್ತರದಿಂದ ತಲೆಕೆಳಗಾಗಿ ನೀರಿಗೆ ಬಿದ್ದರೆ ಪದಕ ಕೊಡುತ್ತಾರೆ. ಅದನ್ನೇ ಅವಳು ಚಿಕ್ಕಂದಿನಲ್ಲಿ ಮಂಚದಿಂದ ಮಾಡಿದಾಗ ನಾನು ಬೈದಿದ್ದೆ. ಅಷ್ಟು ಎತ್ತರದಿಂದ ಬಿದ್ದರೆ ನೀರು ನೆತ್ತಿಗೆ ಸರಿಯಾಗಿಯೇ ಬಾರಿಸುತ್ತದೆ. ಸಹಕಾರನಗರದ ಪಾರ್ಕಿನಲ್ಲಿ ಇದನ್ನು ಹೇಳಿಕೊಂಡರೆ ಗೆಳತಿಯರು, ನೀರು ತಾನೇ, ಮೆತ್ತಗಿರುತ್ತೆ ಬಿಡಿ ಎನ್ನುತ್ತಾರೆ. ಅವರ ಮಕ್ಕಳೆಲ್ಲ ಕೀಬೋರ್ಡ್ ಕಲಿಯುತ್ತಿದ್ದಾರೆ, ಅವರಿಗೇನು.

ಮೊನ್ನೆ ಚಿತ್ರಾ ತಲೆನೋವು ಎಂದಳು. ಡಾಕ್ಟರು ಏನೂ ಇಲ್ಲವೆಂದರೂ ನನಗೆ ಸಮಾಧಾನವಾಗಲಿಲ್ಲ. ಯಲಹಂಕದ ಈಜುಕೊಳಕ್ಕೆ ಹೋಗಿ ಕೋಚ್ ಜೊತೆ ಜಗಳವಾಡಿದೆ. ಅವರು ತಲೆಗೆ ಬೀಳುವ ಏಟನ್ನು ಅಳೆಯುವ ಬಿಲ್ಲೆಯೊಂದನ್ನು ತರಿಸಿ ಶುಕ್ರವಾರ ಅವಳ ಕಿವಿಯ ಹಿಂದೆ ಅಂಟಿಸಿದರು. ಸೋಮವಾರದವರೆಗೆ ಕೀಳಬೇಡಿ, ಏಟು ಜಾಸ್ತಿ ಕಂಡರೆ ರಾಜ್ಯ ತಂಡದ ಆಯ್ಕೆಗೆ ಇವಳನ್ನು ಇಳಿಸುವುದಿಲ್ಲ ಎಂದರು. ವರ್ಷವಿಡೀ ಕಾದಿದ್ದ ಆಯ್ಕೆ. ಮಗಳು ನನ್ನೊಡನೆ ಮಾತು ಬಿಟ್ಟಳು. ನನಗೂ ಸಂಕಟವೇ, ಆದರೆ ತಲೆ ಮುಖ್ಯವಲ್ಲವೇ?

ಸೋಮವಾರ ಕೋಚ್ ಲ್ಯಾಪ್‌ಟಾಪ್ ತೆರೆದು ಹುಬ್ಬು ಗಂಟಿಕ್ಕಿದರು. ಪರದೆಯ ಮೇಲೆ ಒಂದು ಕಡೆ ಏಟು ತೋರಿಸುವ ಗೆರೆಗಳು ಒಂದರ ಪಕ್ಕ ಒಂದು ಎದ್ದು ನಿಂತಿದ್ದವು. ನೋಡಿದಿರಾ, ನಾನು ಬಡಕೊಂಡದ್ದು ಇದಕ್ಕೇ ಎಂದು ನಾನು ಏರುದನಿಯಲ್ಲಿ ಶುರುಮಾಡಿದೆ.

"ಇದು ಭಾನುವಾರ ಬೆಳಿಗ್ಗೆದು ಮೇಡಂ. ಪೂಲ್‌ಗೆ ರಜಾ. ಎಲ್ಲಿಂದ ಹಾರಿದ್ಲು ಇವ್ಳು?"

ಚಿತ್ರಾ ಮೌನ ಮುರಿದಳು. "ಅಮ್ಮ ತಲೆಗೆ ಎಣ್ಣೆ ತಟ್ಟಿದ್ದು ಸರ್."

ಏಟು ತಿಂದ ನೆತ್ತಿ ತಂಪಾಗಲೆಂದು ಹರಳೆಣ್ಣೆ ಸುರಿದು, ಹೊಟ್ಟೆಯೊಳಗಿನ ಆತಂಕವನ್ನೆಲ್ಲ ಅಂಗೈಗೆ ತಂದುಕೊಂಡು ಪಟಪಟನೆ ತಟ್ಟಿದ್ದು ನಿಜ. ಜೋರಾಗಿ ತಟ್ಟದಿದ್ದರೆ ಎಣ್ಣೆ ಇಳಿಯುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಕೋಚ್ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಗಂಭೀರವಾಗಿ, ಆಯ್ಕೆಯವರೆಗೆ ಮಗಳು ಅಭ್ಯಾಸ ಮಾಡಲಿ, ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಮಗಳ ಮುಖ ಅರಳಿತು. ನನಗೆ ಹೋದ ಜೀವ ಬಂದಂತಾಯಿತು, ಜೊತೆಗೆ ಎಲ್ಲಿಲ್ಲದ ಸಿಟ್ಟೂ ಬಂತು.

ಆಮೇಲೆ ಅವರು ಶನಿವಾರದ ಡೈವ್‌ಗಳನ್ನು ವಿಡಿಯೋ ಸಮೇತ ತೋರಿಸಿದರು. ಅಲ್ಲಿ ಗೆರೆಗಳು ತಗ್ಗಿದ್ದವು.

"ನೀರು ಮುಟ್ಟೋಕ್ ಮುಂಚೇನೇ ಎರಡೂ ಕೈಯಿಂದ ನೆತ್ತಿ ಕಾಯ್ಕೊಳ್ತಾಳೆ ನೋಡಿ. ಇದು ನಾನ್ ಕಲಿಸಿದ್ದಲ್ಲ ಮೇಡಂ."

ಅದು ನನಗೆ ಗೊತ್ತಿತ್ತು. ನಾನು ಎಣ್ಣೆ ಬಟ್ಟಲು ಹಿಡಿದು ಬಂದರೆ ಸಾಕು, ಚಿಕ್ಕಂದಿನಿಂದಲೂ ಅವಳ ಎರಡೂ ಕೈ ತಾವಾಗಿಯೇ ನೆತ್ತಿಗೆ ಹೋಗುತ್ತವೆ. ಗುರುದಕ್ಷಿಣೆ ಕೇಳುವ ಸ್ಥಿತಿಯಲ್ಲಿ ಮಾತ್ರ ಅಂದು ನಾನಿರಲಿಲ್ಲ.