ಹಿರಿಯರಿಗೆ ಬಿಟ್ಟ ಜಾಗ

ಬೀರೇಶ್ ಸಹಿ ಹಾಕಿದ್ದು ತಪ್ಪಲ್ಲ, ಕಾಗದದ ತಳದಲ್ಲಿ ಹಾಕಿದ್ದು ತಪ್ಪಾಯಿತು. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಅವನು ಹನ್ನೊಂದು ವರ್ಷದಿಂದ ಇತಿಹಾಸದ ಅತಿಥಿ ಉಪನ್ಯಾಸಕ. ಯಾರ ಮನೆಯಲ್ಲೂ ಅತಿಥಿ ಅಷ್ಟು ಕಾಲ ಇರುವುದಿಲ್ಲ. ಇದ್ದರೂ ವರ್ಷವರ್ಷ ಕೈಕಟ್ಟಿ ನಿಂತು 'ಮುಂದಿನ ವರ್ಷವೂ ಇರಲಾ?' ಎಂದು ಕೇಳುವುದಿಲ್ಲ. ಬೀರೇಶ್ ಕೇಳುತ್ತಿದ್ದ. ಈ ಸಲ ಯಾವ ಅತಿಥಿಗಳು ಉಳಿಯುತ್ತಾರೆಂಬ ಪಟ್ಟಿ ಬರುವುದು ಅವತ್ತೇ ಇತ್ತು.

ಬೆಳಿಗ್ಗೆ ಹೊಳಲ್ಕೆರೆ ಬಸ್ಸಿಳಿದು ಬಂದರೆ, ಗೇಟಿನ ಬೇವಿನ ಮರದಡಿ ವಿದ್ಯಾರ್ಥಿಗಳು ಜಮಖಾನ ಹಾಸಿ ಮೌನವಾಗಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಾಳೆ. ಅದರ ಮೇಲೆ ಗಾಜಾದಲ್ಲಿ ಬಾಂಬಿಗೆ ಸತ್ತ ಒಂದು ಮಗುವಿನ ಹೆಸರು, ವಯಸ್ಸು. ಎಂ.ಎ. ಓದುವ ಆಲಿಯಾಳ ಹಾಳೆಯಲ್ಲಿ 'ಆರು ವರ್ಷ' ಎಂದಿತ್ತು. ಬೀರೇಶನ ಮಗಳಿಗೂ ಆರೇ.

"ಒಬ್ಬ ಮೇಷ್ಟ್ರಾದ್ರೂ ಬೆಂಬಲ ಬರೆದು ಕೊಟ್ರೆ ಸಂಜೆ ತನಕ ಕುಂತ್ಕಳಾಕೆ ಬಿಡ್ತಾರಂತೆ ಸರ್. ಇಲ್ಲಾಂದ್ರೆ ಮಧ್ಯಾಹ್ನಕ್ಕೇ ಎಬ್ಬಿಸ್ತಾರೆ," ಅಂದಳು ಆಲಿಯಾ.

"ಒಬ್ರ್ಯಾಕಮ್ಮ, ಹತ್ತೂ ಜನ ಕೊಡ್ತೀವಿ," ಅಂದ ಬೀರೇಶ್.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಪ್ಪಿದರು. ಯಶೋದಾ ಮೇಡಂ ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಹಿರಿಯರಾದ ಮುರುಗೇಶಪ್ಪನವರು ಪತ್ರವನ್ನು ತಾವೇ ಹೇಳಿ ಬರೆಸಿದರು. ಸಹಿಯ ಹೊತ್ತಿಗೆ ಮಾತ್ರ ಒಬ್ಬರ ಜೇಬಿನಲ್ಲೂ ಪೆನ್ನಿರಲಿಲ್ಲ. ಬೀರೇಶ್ ತನ್ನದನ್ನು ತೆಗೆದ. ಹಿರಿಯರ ಮೇಲೆ ತನ್ನ ಹೆಸರು ಬರಬಾರದೆಂದು ಒಂಬತ್ತು ಸಾಲು ಜಾಗ ಬಿಟ್ಟು, ತೀರಾ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಸಹಿ ಹಾಕಿದ.

"ಮುರುಗೇಶಪ್ಪನೋರು ಮೊದ್ಲು ಹಾಕ್ಲಿ, ಸೀನಿಯರ್ರು," ಅಂದರು ಯಶೋದಾ ಮೇಡಂ.

"ನಂಗೆ ರಿಟೈರ್‌ಮೆಂಟ್ ಹತ್ರ ಐತೆ ಕಣಮ್ಮ. ಮೊದ್ಲು ಹಾಕಿದ್ರೆ ಇವನೇ ಲೀಡರ್ರು ಅಂತಾರೆ. ನಡುವಿಗೆ ಹಾಕ್ತೀನಿ ತಗಳ್ರಿ," ಅಂದರು ಮುರುಗೇಶಪ್ಪ.

ನಡುವಿಗೆ ಹಾಕಲು ಮೇಲೊಬ್ಬರು ಬೇಕಲ್ಲ! ಕಾಗದ ಮೇಜಿಂದ ಮೇಜಿಗೆ ಸುತ್ತಿತು. ಅಷ್ಟರಲ್ಲಿ ಮಂಡಕ್ಕಿ, ಮಿರ್ಚಿ ಬಂದವು. ಎಲ್ಲರೂ ಕೈ ಎಣ್ಣೆಯಾಗಿದೆ ಎಂದರು. ಅಟೆಂಡರ್ ಓಬಣ್ಣ ಸಹಿ ಕಂಡದ್ದೇ ಕೆಲಸ ಮುಗಿಯಿತೆಂದು ಪತ್ರವನ್ನು ಪ್ರಿನ್ಸಿಪಾಲರ ಮೇಜಿಗೆ ಮುಟ್ಟಿಸಿದ.

ಪ್ರಿನ್ಸಿಪಾಲ್ ಕನಕರಾಜ್ ಬೀರೇಶನನ್ನು ಕರೆಸಿದರು. "ಏನಪ್ಪ, ಹತ್ತು ಜನದಾಗೆ ಕರುಳು ಇರೋದು ನಿಂಗೊಬ್ಬನಿಗೇನಾ? ಇದು ಇದ್ರೆ ನಾನು ಮೇಲಕ್ಕೆ ಕಳಿಸ್ಬೇಕು. ನಿನ್ ಹೆಸ್ರು ಹೊಡ್ದ್ ಹಾಕಿದ್ರೆ, ನೋಡೇ ಇಲ್ಲ ಅನ್ಕಂತೀನಿ."

ಬೀರೇಶ್ ಪತ್ರ ಹಿಡಿದು ಸ್ಟಾಫ್ ರೂಮಿಗೆ ಓಡಿಬಂದ. "ಹೊಡ್ದ್ ಹಾಕ್ರಿ ಮಾರಾಯ್ರೆ, ಹೆಂಡ್ತಿ ಮಕ್ಳು ಅವ್ರೆ," ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಬೆಳಿಗ್ಗೆ ಕಾಣದಿದ್ದ ಪೆನ್ನುಗಳು ಈಗ ಐದಾರು ಮುಂದೆ ಬಂದವು.

ಅವನು ತನ್ನ ಹೆಸರಿನ ಮೇಲೆ ಗೆರೆ ಎಳೆದ. ಎಳೆಯುವಾಗ ತುಂಬಾ ನಾಚಿಕೆಯಾಯಿತು. ಮರದಡಿಯ ಕಡೆ ನೋಡದೆ ಹೋಗಿ ಪ್ರಿನ್ಸಿಪಾಲರಿಗೆ ಕೊಟ್ಟ. ಅವರು ಅದನ್ನು ಹರಿದು ಬುಟ್ಟಿಗೆ ಹಾಕಿದರು.

"ಬೇಜಾರ್ ಮಾಡ್ಕಬ್ಯಾಡಪ್ಪ. ಪಟ್ಟಿ ಬಂದೈತೆ. ಇತಿಹಾಸಕ್ಕೆ ಈ ಸಲ ಅತಿಥಿಗಳೇ ಬ್ಯಾಡಂತೆ."

"ಯಾವಾಗ ಬಂತು ಸರ್?"

"ಬೆಳಿಗ್ಗೆ ಒಂಬತ್ತಕ್ಕೇ. ನೀನಿನ್ನೂ ಸಹಿನೇ ಹಾಕಿರ್ಲಿಲ್ಲ. ಹೇಳಾಕೆ ಬಾಯಿ ಬರ್ಲಿಲ್ಲ ನಂಗೆ."

ಬೀರೇಶ್ ಹೊರಗೆ ಬಂದಾಗ ವಾಚ್‌ಮನ್ ಜಮಖಾನ ಸುತ್ತಿಸುತ್ತಿದ್ದ. ಬಾಗಿಲಾಚೆ ನಿಂತು ಅರ್ಧ ಮಾತು ಕೇಳಿಸಿಕೊಂಡಿದ್ದ ಓಬಣ್ಣ ಅಷ್ಟರಲ್ಲೇ ಸುದ್ದಿ ಹರಡಿಬಿಟ್ಟಿದ್ದ: ಸಹಿ ಹಾಕಿದ್ದು ಬೀರೇಶ್ ಮೇಷ್ಟ್ರೊಬ್ಬರೇ, ಅವರ ಕೆಲಸವೂ ಹೋಯಿತು ಎಂದು.

ಆಲಿಯಾ ಓಡಿಬಂದಳು. ಅವಳ ಕಣ್ಣು ತುಂಬಿತ್ತು. "ನೀವು ಅತಿಥಿ ಅಂತ ನಿಮ್ ಸಹಿಗೆ ಬೆಲೆನೇ ಕೊಡ್ಲಿಲ್ಲ ಅನ್ಸುತ್ತೆ ಸರ್. ನಮ್ ಸಲುವಾಗಿ ಕೆಲಸ ಕಳ್ಕಂಡ್ರಿ."

"ಇಲ್ಲಮ್ಮ... ನಾನು ಅದನ್ನ..."

"ಗೊತ್ತು ಸರ್. ನೀವು ದೊಡ್ಡದಾಗಿ ಹೇಳ್ಕಳೋರಲ್ಲ."

ಮೂವತ್ತು ಜನ ಸಾಲಾಗಿ ಬಂದು ಅವನ ಕೈ ಕುಲುಕಿದರು. ಕೆಲಸ ಹೋದಾಗ ಬಾರದಿದ್ದ ಅಳು ಮೂರನೆಯ ಕೈಗೇ ಬಂದುಬಿಟ್ಟಿತು. ಕೆಲಸ ಹೋದದ್ದಕ್ಕೆ ಮೇಷ್ಟ್ರು ಅಳುತ್ತಿದ್ದಾರೆಂದು ತಿಳಿದು, ಉಳಿದ ಮಕ್ಕಳೆಲ್ಲ ಅವನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.