ಕೂರಲು ಬಿಡದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ನೆಂಟರನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನೆಂಟರೆಂದರೆ ಅವರಿಗೆ ಪ್ರಾಣ. ಆ ನೆಂಟರು ಕೂತಿರುವುದನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ!

ಯಾರೇ ಬರಲಿ, ಕಾಲು ತೊಳೆದು ಜಗಲಿ ಹತ್ತಿ ಇನ್ನೇನು ಚಾಪೆಯ ಮೇಲೆ ಕೂರಬೇಕು ಎನ್ನುವಷ್ಟರಲ್ಲಿ ದೊಡ್ಡಪ್ಪ ಹೆಗಲಿಗೆ ಟವೆಲು ಏರಿಸಿ, ಮೂಲೆಯ ಕೋಲು ಹಿಡಿದು ಅಂಗಳಕ್ಕೆ ಇಳಿದಿರುತ್ತಿದ್ದರು.

"ಕೂರೋದು ಇದ್ದಿದ್ದೇ. ಎದ್ದೇಳಿ, ಊರು ನೋಡ್ಕಂಡ್ ಬರಾಣ."

"ಕಾಫಿ ಆಗೈತೆ!" ಎಂದು ದೊಡ್ಡಮ್ಮ ಒಳಗಿನಿಂದ ಕೂಗುತ್ತಿದ್ದರು.

"ಬಂದ್ಮೇಲೆ ಇನ್ನೊಂದ್ಸಲ ಕಾಯ್ಸು!" ಎಂಬ ಉತ್ತರ ಬೇಲಿಯಾಚೆಯಿಂದ ಬರುತ್ತಿತ್ತು. ನಮ್ಮ ಮನೆಯ ಕಾಫಿಗೆ ಕಷಾಯದ ರುಚಿ ಬಂದದ್ದು ಬೀಜದ ದೋಷದಿಂದಲ್ಲ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸುತ್ತೇನೆ.

ನಮ್ಮ ಊರು ಶಿರಂಗಾಲದ ಕಡೆಗೆ, ಕಾವೇರಿಯಿಂದ ತುಸು ಒಳಗೆ. ತಾತನ ಕಾಲದಲ್ಲಿ ಹಾಸನದ ಸೀಮೆಯಿಂದ ಗಾಡಿ ಕಟ್ಟಿಕೊಂಡು ಬಂದು ನೆಲೆನಿಂತ ಬೇಸಾಯಗಾರರು ನಾವು. ಪಕ್ಕದ ತೋಟದ ಕೊಡವ ಅಜ್ಜ ಇದೇ ಮಾತೆತ್ತಿ ದೊಡ್ಡಪ್ಪನನ್ನು ಕೆಣಕುತ್ತಿದ್ದರು. "ಅಲ್ಲ ಮಾರಾಯ, ನನ್ನ ಅಜ್ಜನ ಅಜ್ಜ ಹುಟ್ಟಿದ ಊರು ಇದು. ನಾನೇ ಇಷ್ಟು ನೋಡ್ಲಿಲ್ಲ. ನಿನಗೆ ಎಂಥ ಹುಚ್ಚು?"

"ಅಜ್ಜಾ, ನೀವು ಇಲ್ಲಿ ಹುಟ್ದೋರು. ನಾವು ಆರಿಸ್ಕಂಡ್ ಬಂದೋರು!"

ಆರಿಸಿಕೊಂಡು ಬಂದ ಊರಿನಲ್ಲಿ ನೋಡುವಂಥದ್ದು ಏನಿತ್ತು? ಮೊದಲು ಕಡಂಗ. ಹಿಂದಿನವರು ಹಗೆಗಳನ್ನು ತಡೆಯಲು ತೋಡಿದ ಆಳವಾದ ಕಂದಕ ಅದು. ಬೇರೆಯವರಾದರೆ ದಡದಲ್ಲಿ ನಿಂತು ತೋರಿಸುತ್ತಾರೆ, ದೊಡ್ಡಪ್ಪ ಒಳಕ್ಕೇ ಇಳಿಸುತ್ತಿದ್ದರು. ಒಮ್ಮೆ ಅರಕಲಗೂಡಿನ ಸ್ಥೂಲಕಾಯದ ನೆಂಟರೊಬ್ಬರು ಇಳಿದರು, ಹತ್ತಲಾಗಲಿಲ್ಲ. ಹಗ್ಗ ತರಲು ನಾನು ಮನೆಗೆ ಓಡಬೇಕಾಯಿತು. "ಎಂಥಾ ಕಡೆ ಇಳಿಸಿದ್ರಿ ನನ್ನ!" ಎಂದು ಅವರು ಕೆಳಗಿನಿಂದ ಗೋಳಾಡಿದರೆ ಮೇಲಿನಿಂದ ದೊಡ್ಡಪ್ಪ ಹೆಮ್ಮೆಯಿಂದ ಬೀಗುತ್ತಿದ್ದರು. "ನೋಡಿದ್ರಾ ಕೆಲ್ಸ! ಇವತ್ತಿಗೂ ಒಬ್ಬ ಹತ್ತಂಗಿಲ್ಲ!"

ಆಮೇಲೆ ಬಂಡೆಯ ಮೇಲಿನ ಪಾಂಡವರ ಮನೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳು. ಮುಂದೆ ಒಂದು ದುಂಡು ಕಂಡಿ. "ಇಷ್ಟು ಚಿಕ್ಕದರಲ್ಲಿ ಭೀಮ ಹೇಗೆ ಮಲಗಿದ?" ಎಂದು ನೆಂಟರು ಕೇಳಿಯೇ ಕೇಳುತ್ತಿದ್ದರು. ದೊಡ್ಡಪ್ಪ ಅದಕ್ಕೇ ಕಾಯುತ್ತಿದ್ದರು. "ಭೀಮ ಹೊರಗಡೆ ಮಲಗ್ತಿದ್ದ. ಅದ್ಕೇ ಇಲ್ಲಿ ಹುಲ್ಲು ಹುಟ್ಟಲ್ಲ!"

ಇನ್ನು ಅಬ್ಬಿ. ಮಳೆಗಾಲದಲ್ಲಿ ಅದು ಜಲಪಾತವೇ ಸರಿ. ಬೇಸಿಗೆಯಲ್ಲಿ ಅಲ್ಲಿ ಒಂದು ಕಪ್ಪೆ ಕೂಡ ಬಾಯಾರಿ ಕೂತಿರುತ್ತಿತ್ತು. ದೊಡ್ಡಪ್ಪ ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. "ನೀರೇ ಇಲ್ವಲ್ಲ?" ಎಂದರೆ, "ಈಗ್ಲೇ ನೋಡ್ಬೇಕು. ಮಳೆಗಾಲ್ದಾಗೆ ನೀರು ಅಡ್ಡ ಬತ್ತದೆ!" ಎನ್ನುತ್ತಿದ್ದರು. ಇಂಥ ಮಾತಿಗೆ ಎದುರು ಮಾತು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಅಲ್ಲಿಂದ ದೇವರಕಾಡು. ಅಯ್ಯಪ್ಪನ ಕಾಡು ಅದು. ಒಂದು ಒಣಕಡ್ಡಿಯನ್ನೂ ಅಲ್ಲಿಂದ ಯಾರೂ ತರುವುದಿಲ್ಲ. ಅಯ್ಯಪ್ಪ ಬೇಟೆಗಾರ ದೇವರಾದ್ದರಿಂದ ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಕಿವಿ ಮುರಿದವು, ಪಾಚಿ ಹಿಡಿದವು, ಹೊಸವು, ಎಲ್ಲ ಮರದ ಬುಡದಲ್ಲಿ ಮೂತಿ ಎತ್ತಿ ನಿಂತಿರುತ್ತಿದ್ದವು. ಅಲ್ಲಿ ಮಾತ್ರ ದೊಡ್ಡಪ್ಪ ಚಪ್ಪಲಿ ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕೊನೆಗೆ ಕಾಡಿನಾಚೆ, ಹೊಳೆ ದಾಟುವ ಜಾಗದ ವೀರಗಲ್ಲು. ಅದೆಂದರೆ ಅವರಿಗೆ ಹೆತ್ತ ಮಗನಿದ್ದಂತೆ. ಟವೆಲಿನಿಂದ ಧೂಳು ಒರೆಸಿ ಕೆಳಗಿನಿಂದ ಕೋಲಿಟ್ಟು ತೋರಿಸುತ್ತಿದ್ದರು. "ಕೆಳಗೆ ನೋಡಿ, ಹೊಡೆದಾಟ. ನಡೂಕೆ ನೋಡಿ, ದೇವಲೋಕದ ಹೆಂಗಸ್ರು ಎತ್ಕಂಡ್ ಹೋಯ್ತಾವ್ರೆ. ಮ್ಯಾಲೆ ನೋಡಿ, ಶಿವನ ಮುಂದೆ ಆರಾಮಾಗಿ ಕೂತವ್ನೆ." ಕಾಲು ನೋವಿನ ನೆಂಟರು ಆ ವೀರನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನಮ್ಮ ಊರಿನಲ್ಲಿ ಕೂರುವ ಪುಣ್ಯ ಅವನೊಬ್ಬನಿಗೇ!

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಇದೇ ಕಥೆ. ಹೆಣ್ಣು ಸೀರೆಯುಟ್ಟು ಒಳಗೆ ಕಾಯುತ್ತಿದ್ದಾಳೆ, ಗಂಡಿನ ಕಡೆಯವರು ಕಡಂಗದಲ್ಲಿದ್ದಾರೆ! ಸಂಜೆಗೆ ಕುಂಟುತ್ತ ಬಂದರು. "ಹುಡುಗಿ ಕರೆಸಾಣ್ವಾ?" ಎಂದು ಅಪ್ಪ ಕೇಳಿದರೆ ಗಂಡಿನ ತಂದೆ ಚಾಪೆಗೆ ಒರಗುತ್ತ, "ಒಪ್ಪಿಗೆ ಕಣ್ರೀ, ಮೊದ್ಲು ಕೂರಕ್ ಬಿಡಿ" ಎಂದರು. ಅಕ್ಕ ಇವತ್ತಿಗೂ ಸುಖವಾಗಿದ್ದಾಳೆ.

ನಾನು ಬಿ.ಎ. ಮುಗಿಸಿ ಮೈಸೂರಿನಿಂದ ಬಂದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದವನು ನಾನೇ ಮೊದಲು. ಪರರ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ ಮಲಗಿ, ಅವರ ಹಸು ಕರೆದು, ಸಗಣಿ ಬಾಚಿ, ಕೈ ತೊಳೆದು ಕಾಲೇಜಿಗೆ ಹೋದವನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದೊಡ್ಡಪ್ಪನಿಗಂತೂ ಮೊದಲೇ ಇರಲಿಲ್ಲ. ಅವರು ನನ್ನನ್ನು ನೋಡತಕ್ಕ ಸ್ಥಳಗಳ ಸಾಲಿಗೆ ಸೇರಿಸಿಬಿಟ್ಟರು! ವೀರಗಲ್ಲು ಮುಗಿಸಿ ನೆಂಟರನ್ನು ನೇರ ನನ್ನ ಬಳಿಗೆ ಕರೆತರುವುದು. ನಾನು ಓದುತ್ತ ಕೂತಿದ್ದರೆ, "ಏಳ್ಲಾ, ನಿಂತ್ಕ. ಸರಿಯಾಗಿ ಕಾಣ್ಲಿ" ಎನ್ನುವುದು.

"ಇದು ನಮ್ಮೂರ ಬಿ.ಎ."

ನೆಂಟರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡುವರು. "ಇಂಗ್ಲೀಷು ಬತ್ತದಾ?"

"ಬರದೇ ಏನು? ಒಂದೀಟು ಮಾತಾಡ್ಲಾ."

ಆಗ ಕೊಡಗು ಒಂದು ರಾಜ್ಯ. ರಾಜ್ಯವೆಂದರೆ ರಾಜ್ಯವೇ! ನಮ್ಮವರೇ ಮಂತ್ರಿಗಳು, ಮಡಿಕೇರಿಯೇ ರಾಜಧಾನಿ. ಬೆಳಿಗ್ಗೆ ಬಸ್ಸು ಹತ್ತಿ ಸರ್ಕಾರವನ್ನು ಕಂಡು ಸಂಜೆ ಊಟಕ್ಕೆ ಮನೆಗೆ ಬರಬಹುದಿತ್ತು. ಇಂಥ ಸೌಕರ್ಯ ಬೇರೆ ಯಾವ ರಾಜ್ಯದಲ್ಲಿತ್ತು ಹೇಳಿ? ದೊಡ್ಡಪ್ಪ ಹಾಗೆ ಹೋಗಿ ಹೋಗಿ, ನೆಂಟರು ಬರಲು ಅನುಕೂಲವಾಗಲಿ ಎಂದು ಊರಿಗೆ ರಸ್ತೆ ಕೇಳಿದ್ದರು. ರಸ್ತೆ ಬಂತು. ಬಂದದ್ದು ನೆಟ್ಟಗೆ ವೀರಗಲ್ಲಿನ ಮೇಲೆಯೇ!

"ಇದನ್ನ ಎರಡು ಮಾಡಿದ್ರೆ ಮೋರಿಗೆ ಒಳ್ಳೇ ಮುಚ್ಚಳ ಆಗ್ತದೆ. ನಾಳೆ ಒಡೀರಿ" ಎಂದು ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ಆಳುಗಳಿಗೆ ಹೇಳಿದ. ದೊಡ್ಡಪ್ಪ ಕೋಲೂರಿ ನಿಂತವರು ನಿಂತೇ ಇದ್ದರು. ಅವರ ಮುಖ ಹಾಗೆ ಬಿಳಿಚಿದ್ದನ್ನು ನಾನು ನೋಡಿರಲಿಲ್ಲ. "ದಾರಿ ಕೇಳಿದೋನು ನಾನೇಯಾ ಮಗಾ" ಎಂದರು. "ದಾರಿ ಬಂದು ಕಲ್ಲು ಹೋದ್ರೆ, ನೆಂಟ್ರು ಬಂದು ನೋಡೋದೇನು?"

ನಾನು ಮೇಸ್ತ್ರಿಯೊಡನೆ ಇಂಗ್ಲಿಷಿನಲ್ಲಿ ವಾದಿಸಿದೆ. ಅವನು ನನ್ನ ಇಂಗ್ಲಿಷನ್ನು ಬಹಳ ಮೆಚ್ಚಿದ. ಕಲ್ಲನ್ನು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಆಳುಗಳು ಹಾರೆ ಹಿಡಿದು ಬಂದರೆ ವೀರಗಲ್ಲಿನ ಬುಡದಲ್ಲಿ ಹೊಸ ಮಣ್ಣಿನ ನಾಯಿಯೊಂದು ಮೂತಿ ಎತ್ತಿ ನಿಂತಿತ್ತು! ಕುಂಬಾರನ ಕೈಯ ಬಿಸಿ ಇನ್ನೂ ಆರಿರಲಿಲ್ಲ.

"ಅಯ್ಯಪ್ಪನ್ ನಾಯಿ!" ಎಂದ ಒಬ್ಬ ಆಳು, ಹಾರೆ ಕೆಳಗಿಟ್ಟ.

"ತೆಗೆದು ಪಕ್ಕಕ್ಕಿಡೋ" ಎಂದ ಮೇಸ್ತ್ರಿ.

"ನೀವೇ ತೆಗೀರಿ ಸಾರ್."

ಮೇಸ್ತ್ರಿ ಬಗ್ಗಿದ. ನಾಯಿಯನ್ನು ನೋಡಿದ. ಹಿಂದಿನ ದೇವರಕಾಡನ್ನು ನೋಡಿದ. ಸೊಂಟ ನೋವೆಂದು ಎದ್ದುಬಿಟ್ಟ. ಕೊಡವ ಅಜ್ಜ ನಗು ತಡೆದುಕೊಂಡು ದೊಡ್ಡಪ್ಪನ ಕಿವಿಯಲ್ಲಿ, "ಎಂಥ ಮಾರಾಯ, ನಾಯಿಯನ್ನೆಲ್ಲ ನೀನು ಕಲ್ಲು ಕಾಯಲಿಕ್ಕೆ ಹಾಕಿದ್ರೆ ಅಯ್ಯಪ್ಪ ಬೇಟೆಗೆ ಯಾರ ಜೊತೆ ಹೋಗೋದು?" ಎಂದರು.

"ಒಂದಿನ ರಜಾ ತಗಳ್ಳಿ ಅಜ್ಜಾ!"

ಕೆಲಸ ನಿಂತಿತೆಂದು ಮಡಿಕೇರಿಯಿಂದ ಎಂಜಿನಿಯರೇ ಕೆಂಡವಾಗಿ ಬಂದರು. ಜೀಪಿನಿಂದ ಇಳಿದು ಕೂರಲು ಕುರ್ಚಿ ಕೇಳಿದರು. ಕೇಳಿದ್ದು ಯಾರನ್ನು! "ಕೂರೋದು ಇದ್ದಿದ್ದೇ ಸ್ವಾಮಿ" ಎಂದರು ದೊಡ್ಡಪ್ಪ. ಕಡಂಗ, ಪಾಂಡವರ ಮನೆ, ನೀರಿಲ್ಲದ ಅಬ್ಬಿ, ಒಂದನ್ನೂ ಬಿಡಲಿಲ್ಲ. ಕಲ್ಲಿನ ಬಳಿ ತಲುಪುವ ಹೊತ್ತಿಗೆ ಎಂಜಿನಿಯರ ಸಿಟ್ಟೆಲ್ಲ ಬೆವರಾಗಿ ಇಳಿದುಹೋಗಿತ್ತು.

"ನಿಮಗೆ ರಸ್ತೆ ಬೇಕೋ, ಕಲ್ಲು ಬೇಕೋ?"

ದೊಡ್ಡಪ್ಪ ನನ್ನ ಕಡೆ ನೋಡಿದರು. "ಎರಡೂ ಬೇಕು ಸಾರ್" ಎಂದೆ, ಕನ್ನಡದಲ್ಲಿಯೇ. ರಸ್ತೆ ನೆಟ್ಟಗೆ ಹೋಗಲಿ, ಕಲ್ಲನ್ನು ಇಡಿಯಾಗಿ ಆ ನೇರಳೆ ಮರದ ದಿಬ್ಬಕ್ಕೆ ಸಾಗಿಸೋಣ, ಅಲ್ಲಿ ನೆಲ ಗಟ್ಟಿ, ಸರ್ಕಾರ ಒಂದು ಕಾಸೂ ಕೊಡುವುದು ಬೇಡ, ಹೊರುವ ಹೆಗಲು ಊರಿನದು ಎಂದೆ. ಸಗಣಿ ಬಾಚಿದ ಕೈ ಬೀಸಿ ಸರ್ಕಾರದ ಮುಂದೆ ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು.

ಎಂಜಿನಿಯರು ದಿಬ್ಬ ನೋಡಿದರು, ಕಲ್ಲು ನೋಡಿದರು. "ಮೊದಲು ಆ ನಾಯಿ ತೆಗೀರಪ್ಪ" ಎಂದು ನಕ್ಕರು.

ಊರೇ ಬಂತು. ಅಜ್ಜನ ಮಕ್ಕಳು, ತೋಟದ ಲೈನುಮನೆಗಳ ಕೂಲಿಯವರು, ಒಡೆಯಲು ಬಂದಿದ್ದ ಅದೇ ಆಳುಗಳು. ಹಗ್ಗ ಬಿಗಿದು, ದಿಮ್ಮಿಗಳ ಮೇಲೆ ಉರುಳಿಸಿ, ಒಂದೊಂದು ಭಾಷೆಯಲ್ಲಿ ಒಂದೊಂದು ಕೂಗು ಹಾಕಿ ಎಳೆದರು. ಮುಂದೆ ನಾಯಿಯನ್ನು ಎದೆಗೆ ಅವಚಿಕೊಂಡು ದೊಡ್ಡಪ್ಪ. ಮೇಸ್ತ್ರಿ "ಮೆಲ್ಲಗೆ, ಮೆಲ್ಲಗೆ" ಎಂದು ಎಲ್ಲರಿಗಿಂತ ಹೆಚ್ಚು ಕೂಗಿದ. ಕಲ್ಲು ದಿಬ್ಬದ ಮೇಲೆ ನಿಂತಾಗ ದೊಡ್ಡಪ್ಪ ನಡುವಿನ ಸಾಲಿನ ಮೇಲೆ ಅಂಗೈ ಇಟ್ಟರು. "ಇವ್ನಿಗೇನು ಹೊಸದಾ? ಆವತ್ತೂ ಎತ್ಕಂಡೇ ಹೋಗಿದ್ರು!"

ಮುಂದೆ ನನಗೆ ಹುದಿಕೇರಿ ಕಡೆಯ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಕೊಡಗಿನ ಈ ತುದಿಯಿಂದ ಆ ತುದಿಗೆ. ಹೊಸ ರಸ್ತೆಗೆ ಬಸ್ಸೂ ಬಂದಿತ್ತು. ನೇರಳೆ ಮರದ ಕೆಳಗೆ ಎಲ್ಲರೂ ನಿಂತಿದ್ದರು, ದೊಡ್ಡಪ್ಪನೊಬ್ಬರೇ ಇಲ್ಲ. ಬಸ್ಸು ಹೊರಡುವ ಹೊತ್ತಿಗೆ ಕುಂಬಾರಗೇರಿಯ ಕಡೆಯಿಂದ ಏದುಸಿರು ಬಿಡುತ್ತ ಬಂದವರು ನೇರ ಒಳಗೆ ಹತ್ತಿ, ನನ್ನ ಟ್ರಂಕಿನ ಮೇಲೆ ಅಂಗೈಯಗಲದ ಮಣ್ಣಿನ ನಾಯಿಯೊಂದನ್ನು ಇಟ್ಟರು.

ನಾನು ನಗಲು ನೋಡಿದೆ. "ನಾಯಿ ಇಟ್ಮೇಲೆ ಯಾರೂ ಮುಟ್ಟಂಗಿಲ್ಲ ಅಲ್ವಾ ದೊಡ್ಡಪ್ಪ? ನಾನು ಹೋಗೋದು ಬ್ಯಾಡ್ವಾ?"

"ಎತ್ಕಂಡ್ ಹೋಗ್ಲಿ ಮಗಾ" ಎಂದರು. ಟವೆಲಿನಿಂದ ಸೀಟಿನ ಧೂಳನ್ನು, ಆ ಕಲ್ಲನ್ನು ಒರೆಸಿದ ಹಾಗೇ ನಿಧಾನವಾಗಿ ಒರೆಸಿದರು. "ಒಡೀಬಾರ್ದು, ಅಷ್ಟೇಯಾ."

ಆಮೇಲೆ ನನ್ನ ಹೆಗಲು ಒತ್ತಿ, "ಕೂತ್ಕ" ಎಂದರು.

ಅವರು ಇಳಿದರು, ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ದಿಬ್ಬದ ಮೇಲೆ ಆ ವೀರ ಶಿವನ ಮುಂದೆ ಆರಾಮಾಗಿ ಕೂತಿದ್ದ. ಅವನ ಪಕ್ಕದಲ್ಲಿ ದೊಡ್ಡಪ್ಪ, ರಸ್ತೆ ತಿರುಗುವವರೆಗೂ, ನಿಂತೇ ಇದ್ದರು.